ಸುರುಳಿಯ ಎರಡು ತುದಿ

ಸುರುಳಿ ತಾತ ತೀರಿಕೊಂಡದ್ದು ಮನೆಯವರಿಗೆ ಗೊತ್ತಾದಾಗ ಅವರ ಯಂತ್ರ ಇನ್ನೂ ತಿರುಗುತ್ತಲೇ ಇತ್ತು.

ಬೆಳಗಿನ ಹತ್ತು ಗಂಟೆ. ಅಡುಗೆಮನೆಯಲ್ಲಿದ್ದ ಅವರ ಹೆಂಡತಿಗೆ ಹಿಂದಿನ ಕೋಣೆಯ ಸದ್ದು ಬೇರೆಯಾಗಿ ಕೇಳಿಸಿತು. ಸುತ್ತುವ ಎಳೆ ಕೂಡಿದ್ದರೆ ಆ ಯಂತ್ರ ತುಂಬಿದ ಬಾಯಲ್ಲಿ ಗುನುಗುತ್ತದೆ; ಕಡಿದರೆ ಬರಿಬಾಯಲ್ಲಿ ಕಿರುಗುಟ್ಟುತ್ತದೆ. ಮದುವೆಯಾದ ಹೊಸತರಲ್ಲಿ ಅಪರೂಪಕ್ಕೆ ಕೇಳಿದ್ದ ಸದ್ದು ಅದು. ಆಮೇಲೆ ಮೂವತ್ತು ವರ್ಷ ಕೇಳಿರಲಿಲ್ಲ. ಕೈಯಲ್ಲಿದ್ದ ಪಾತ್ರೆಯನ್ನು ಆಕೆ ಮೆಲ್ಲನೆ ಕೆಳಗಿಟ್ಟರು. ಓಡಲಿಲ್ಲ. ಓಡಿದರೂ ಉಪಯೋಗವಿಲ್ಲವೆಂದು ಗೊತ್ತಿತ್ತು.

ಮಗಳೂ ಅಳಿಯನೂ ಬಾಗಿಲು ತೆರೆದಾಗ ತಾತ ಮೇಜಿನ ಮೇಲೆ ಕೆನ್ನೆಯಿಟ್ಟು ಮಲಗಿದಂತಿದ್ದರು. ಬಲಗಾಲು ಪೆಡಲಿನ ಮೇಲೆ ಭಾರವಾಗಿ ಕೂತಿತ್ತು. ಕೂದಲಿಗಿಂತ ತೆಳುವಾದ ತಾಮ್ರದ ಎಳೆಯ ತುದಿ ಹೆಬ್ಬೆರಳು ತೋರುಬೆರಳುಗಳ ನಡುವೆ ಸಿಕ್ಕಿಕೊಂಡಿತ್ತು. ಎಳೆಯಿಲ್ಲದ ಸುತ್ತುಗಳನ್ನೂ ಸುತ್ತೆಂದೇ ತಿಳಿದು ಎಣಿಕೆಯ ಮೀಟರು ಟಿಕಿಟಿಕಿ ಎಣಿಸುತ್ತಿತ್ತು.

ಎಲೆಕ್ಟ್ರಿಕ್ ಗಿಟಾರಿಗೆ ಪಿಕಪ್ ಮಾಡುವುದು ತಾತನ ಕಸುಬು. ಆರು ಪುಟ್ಟ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಎಂಟು ಸಾವಿರ ಸುತ್ತು ತಾಮ್ರದ ಎಳೆ. ಗಿಟಾರಿನ ತಂತಿ ಮಿಡಿದರೆ ಆ ಮಿಡಿತವನ್ನು ಹಿಡಿದು ಸ್ಪೀಕರಿಗೆ ಒಯ್ಯುವುದು ಈ ಸುರುಳಿಯೇ. ಹೊಲಿಗೆ ಯಂತ್ರದ ಹಳೆಯ ಮೋಟಾರಿನಿಂದ ತಾವೇ ಕಟ್ಟಿಕೊಂಡ ಯಂತ್ರದ ಮುಂದೆ ಕೂತು, ಹಿಂದಿನ ಕಾಲದವರ ಹಾಗೆ ಬೆರಳಲ್ಲೇ ಎಳೆ ಹಿಡಿದು, ಅಡ್ಡಾದಿಡ್ಡಿ ಸುತ್ತುತ್ತಿದ್ದರು. ಗಿಟಾರ್ ನುಡಿಸುವವರು ದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಸುರುಳಿ ತಾತ ಎಂದು ಹೆಸರಿಟ್ಟವರೂ ಅವರೇ.

ಹೆಣವನ್ನು ತೊಳೆದು ಮಲಗಿಸಿದ ಮೇಲೆ ಅತ್ತೆ ಅಳಿಯನನ್ನು ಪಕ್ಕಕ್ಕೆ ಕರೆದರು.

"ಯಂತ್ರದ ಮೇಲಿರೋ ಅರೆ ಸುರುಳಿನ ಅವರ ಜೊತೆನೇ ಮಣ್ಣಿಗೆ ಹಾಕ್ಬಿಡಿ, ಅಳಿಯಂದ್ರೇ."

"ಅದು ಆರ್ಡರಿಂದು ಅತ್ತೆ. ಮುಕ್ಕಾಲು ಪಾಲು ಆಗಿದೆ."

"ಆಗಿರ್ಲಿ. ಅದಕ್ಕೆ ಇನ್ನೊಬ್ಬರ ಕೈ ಸೋಕಬಾರದು."

ಆ ಕತೆ ಅವನಿಗೆ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ತಾತನಿಗೊಬ್ಬ ಪಾಲುದಾರನಿದ್ದ. ಇಬ್ಬರೂ ಒಂದೇ ಎಳೆ, ಒಂದೇ ಅಯಸ್ಕಾಂತ ಬಳಸಿದರೂ ಜನ ತಾತನ ಕೈಯದನ್ನೇ ಕೇಳುತ್ತಿದ್ದರು. ಹೊಟ್ಟೆಯುರಿ ತಾಳಲಾರದೆ ಅವನು ಮನೆ ಬಿಟ್ಟು ಹೋದ. ಹೋದ ಮರುದಿನ ಯಂತ್ರದ ಅಡಿಯಲ್ಲಿ ಮೇಣದ ಗೊಂಬೆಯೊಂದು ಸಿಕ್ಕಿತು. ಕುತ್ತಿಗೆಯಿಂದ ಕಾಲಿನವರೆಗೆ ತಾಮ್ರದ ಎಳೆ ಸುತ್ತಿದ್ದ ಗೊಂಬೆ. ಅಂದಿನಿಂದ ತಾತ ಸುತ್ತಲು ಕೂತರೆ ಅವರ ಉಸಿರು ಎಳೆಯ ಜೊತೆ ಹೋಗುತ್ತಿತ್ತು. ಸುರುಳಿ ತುಂಬಿ, ಅದನ್ನು ಕಾದ ಮೇಣದಲ್ಲಿ ಅದ್ದಿ, ಗುಳ್ಳೆ ನಿಂತ ಮೇಲೆ ಉಸಿರು ಮರಳಿ ಬರುತ್ತಿತ್ತು. ಅದಕ್ಕೇ ಅವರು ಕಿಟಕಿ ತೆರೆಯುತ್ತಿರಲಿಲ್ಲ, ಫ್ಯಾನು ಹಾಕುತ್ತಿರಲಿಲ್ಲ, ಅರ್ಧಕ್ಕೆ ಏಳುತ್ತಿರಲಿಲ್ಲ. ನಡುವೆ ಎಳೆ ಕಡಿದರೆ ಉಸಿರೂ ಕಡಿದಂತೆ; ಮೂವತ್ತು ವರ್ಷ ಅದನ್ನು ಒಮ್ಮೆಯೂ ಕಡಿಯಗೊಡಲಿಲ್ಲ.

"ಹಾಗಾದ್ರೆ ಮಾವ ದಿನಾ ಒಂದ್ಸಲ ಸತ್ತು ಬದುಕ್ತಿದ್ರು ಅನ್ನಿ," ಎಂದು ಅಳಿಯ ನಕ್ಕ.

"ಹೌದು," ಎಂದರು ಅತ್ತೆ.

ಅವನು ರೇಡಿಯೋ ರಿಪೇರಿ ಮಾಡಿಕೊಂಡಿದ್ದವನು. ಮದುವೆಯಾದ ಮೇಲೆ ಈ ಮನೆಗೆ ಬಂದು ಎಂಟು ತಿಂಗಳಿಂದ ಮಾವನ ಕಸುಬು ಕಲಿಯುತ್ತಿದ್ದ. ಎಳೆಯಲ್ಲಿ ಹರಿಯುವುದು ಕರೆಂಟು, ಉಸಿರಲ್ಲ ಎನ್ನುವವನು. ಹೆಣ ಎತ್ತುವ ಮುನ್ನ ಎಳೆ ಸುತ್ತುವ ಅಚ್ಚು, ಖಾಲಿ ಬಾಬಿನ್ ಒಂದನ್ನು ಕರವಸ್ತ್ರದಲ್ಲಿ ಸುತ್ತಿ ಮಾವನ ಕೈಯಲ್ಲಿಟ್ಟ. ಅತ್ತೆ ಗಂಡನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದರು. ಅರೆ ಸುರುಳಿ ಅವನ ಜೇಬಿನಲ್ಲಿತ್ತು.

ಎರಡು ವಾರ ಕಳೆಯಿತು. ಆರ್ಡರು ಕೊಟ್ಟಿದ್ದ ಗಿಟಾರಿನವನು ಬಂದ. ತಾತ ಇಲ್ಲವೆಂದು ಕೇಳಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟ.

"ತಾತನ ಜೊತೆ ಆ ದನಿನೂ ಹೋಯ್ತು ಬಿಡಿ."

"ದನಿ ಎಲ್ಲಿಗೆ ಹೋಗುತ್ತೆ? ಅದೇ ಎಳೆ, ಅದೇ ಯಂತ್ರ," ಎಂದ ಅಳಿಯ.

"ಬೇಜಾರು ಮಾಡ್ಕೋಬೇಡಿ. ನೀವು ಸುತ್ತಿದ್ದು ನಾನು ಕೇಳಿದೀನಿ. ಚೆನ್ನಾಗೇ ಇದೆ. ರೇಡಿಯೋ ಇದ್ದ ಹಾಗಿದೆ."

ಆ ಮಾತು ಮುಳ್ಳಿನಂತೆ ಒಳಗೇ ಮುರಿಯಿತು. ಅಂದು ಮಧ್ಯಾಹ್ನ ಅತ್ತೆ ಗೋರಿಗೆ ಹೂವಿಡಲು ಹೊರಟರು. ಅವರು ಬೀದಿಯ ತಿರುವು ದಾಟಿದ ಕೂಡಲೇ ಅಳಿಯ ಹಿಂದಿನ ಕೋಣೆಗೆ ಹೋಗಿ ದೀಪ ಹಾಕಿದ. ಕಿಟಕಿ ಮುಚ್ಚಿದ ಕೋಣೆ. ಮೇಣ, ರಾಳ, ಹಳೆಯ ಬೆವರಿನ ವಾಸನೆ. ಹೊರಗೆ ಉರಿಬಿಸಿಲು, ಒಳಗೆ ಮೇಜಿನ ಮೇಲೊಂದು ತಟ್ಟೆಯಷ್ಟು ಬೆಳಕು, ಉಳಿದದ್ದೆಲ್ಲ ಕತ್ತಲು.

ಸುರುಳಿಯನ್ನು ಯಂತ್ರಕ್ಕೆ ಕೂರಿಸಿದ. ಎಳೆಯ ತಡೆ ಅಳೆಯುವ ಮೀಟರ್ ಹಚ್ಚಿ ನೋಡಿದ. ಐದು ಸಾವಿರದ ಒಂಬೈನೂರು ಸುತ್ತು ಇರಬಹುದು; ಎಣಿಕೆಯ ಮೀಟರನ್ನು ಅಲ್ಲಿಗೇ ತಂದಿಟ್ಟ. ಕಡಿದ ಎಳೆಗೆ ತಾತನಾಗಿದ್ದರೆ ಬೆಸುಗೆ ಹಾಕುತ್ತಿರಲಿಲ್ಲ. ಕಡಿದದ್ದು ಕಸಕ್ಕೆ, ಹೊಸದಾಗಿ ಮೊದಲಿಂದ ಎನ್ನುವುದು ಅವರು ಅವನಿಗೆ ಕಲಿಸಿದ ನಿಯಮ. ಆದರೆ ಹೊಸದು ಅವನಿಗೆ ಬೇಡವಾಗಿತ್ತು. ತಾತನ ಸುರುಳಿಯೇ ಬೇಕಿತ್ತು, ತನ್ನ ಕೈಯಲ್ಲಿ ಮುಗಿಯಬೇಕಿತ್ತು.

ಒಂದು ತುದಿ ಹಿಡಿದರೆ ಇನ್ನೊಂದು ಹಾರುತ್ತಿತ್ತು. ಹೆಂಡತಿಯನ್ನು ಕೂಗಿದ.

ಅವಳು ಬಾಗಿಲಲ್ಲೇ ನಿಂತಳು. "ಇದನ್ನ ಅಪ್ಪನ ಜೊತೆ ಹೂಳಿದ್ರಲ್ಲ?"

"ಹೂಳಿದ್ದು ಖಾಲಿದು."

"ರೀ! ಸತ್ತವರಿಗೂ ಟೋಪಿ ಹಾಕಿದ್ರಾ?"

"ಅಪ್ಪನ ಕೈಯ ಕೊನೇ ಕೆಲಸ ಕಣೇ. ಮಣ್ಣಲ್ಲಿ ಕೊಳೀಬೇಕಿತ್ತಾ? ಒಂದ್ಸಲ ಅದರ ದನಿ ಕೇಳಬೇಕು ಅಂತ ನಿಂಗಿಲ್ವಾ?"

ಅವಳ ಆಸೆ ಎಲ್ಲಿದೆಯೆಂದು ಗಂಡನಿಗೆ ಗೊತ್ತಿತ್ತು. ಅವಳು ಬಂದು ಪಕ್ಕದಲ್ಲಿ ಕೂತು, ಎಳೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದಳು.

"ಉಸಿರು ಬಿಡ್ಬೇಡ. ಎಳೆ ಹಾರಿಹೋಗುತ್ತೆ."

ಅವಳು ಉಸಿರು ಕಟ್ಟಿದಳು. ಬೆಸುಗೆಯ ಮೊನೆ ತಗುಲಿತು. ರಾಳದ ಹೊಗೆ ನೂಲಿನಂತೆ ಎದ್ದು ಅವಳ ಮುಖದತ್ತ ಬಾಗಿತು. ಎರಡು ತುದಿ ಒಂದಾದವು. ಅವಳು ಕೈಬಿಟ್ಟು ಕೆಮ್ಮುತ್ತ ಎದ್ದು ಹೋದಳು. ಹೋಗುವಾಗ, "ಯಾಕೋ ಎದೆ ಹಿಡ್ಕೊಂಡಂಗಿದೆ," ಎಂದಳು.

ಅವನು ಪೆಡಲು ಒತ್ತಿದ. ಎಳೆ ಬೆರಳ ನಡುವೆ ಜಾರತೊಡಗಿತು. ಎಂದೂ ಇಷ್ಟು ಸಲೀಸಾಗಿ ಸುತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ಎಡಕ್ಕೂ ಬಲಕ್ಕೂ ಓಲಾಡಿತು, ಮಾವನ ಕೈಯಂತೆಯೇ. ಸುರುಳಿಯಿಂದ ಹೊಸದಾಗಿ ಅಗೆದ ಮಣ್ಣಿನ ವಾಸನೆ ಬಂದಂತಾಯಿತು. ಅತ್ತೆಯ ಕತೆ ಮೂಗಿಗೂ ಹತ್ತಿತಲ್ಲ ಎಂದು ತನ್ನಷ್ಟಕ್ಕೆ ನಕ್ಕ. ಏಳು ಸಾವಿರ ದಾಟಿದಾಗ ತಡೆಯಲಾಗಲಿಲ್ಲ. ಒಮ್ಮೆ ಕೇಳಿಬಿಡೋಣವೆಂದು ಯಂತ್ರ ನಿಲ್ಲಿಸಿದ. ಸುರುಳಿಯ ಒಳತುದಿಯನ್ನೂ, ಕಡಿಯದೆಯೇ ಹೊರಗಿನ ಎಳೆಯನ್ನೂ ಆಂಪ್ಲಿಫೈಯರಿಗೆ ಸಿಕ್ಕಿಸಿ ಸ್ಪೀಕರ್ ಹಾಕಿದ.

ಮೊದಲು ಗುಂಯ್ಗುಡುವ ಸದ್ದು. ಸ್ಕ್ರೂಡ್ರೈವರಿನಿಂದ ಅಯಸ್ಕಾಂತ ತಟ್ಟಿದ. ಟಕ್. ಸರಿಯಾಗಿದೆ. ಆಮೇಲೆ ಸ್ಪೀಕರಿನೊಳಗಿಂದ ಯಾರೋ ಉಸಿರೆಳೆಯಲು ಹೆಣಗುವ ಸದ್ದು.

ಅವನು ಗಾಬರಿಯಾಗಲಿಲ್ಲ. ಮೇಣ ಹಾಕದ ಸುರುಳಿಗೆ ಕಿವಿಯಿರುತ್ತದೆ. ಸಡಿಲ ಎಳೆ ನಡುಗಿ ಹತ್ತಿರದ ಸದ್ದನ್ನೆಲ್ಲ ಹಿಡಿಯುತ್ತದೆ. ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ನನ್ನದೇ ಉಸಿರು ಎಂದುಕೊಂಡು ಬಾಯಿ ಮುಚ್ಚಿದ. ಮೂಗು ಹಿಡಿದ.

ಸ್ಪೀಕರಿನಲ್ಲಿ ಹೆಣಗಾಟ ನಿಲ್ಲಲಿಲ್ಲ.

ಅದರ ನಡುವೆಯೇ ಸಣ್ಣ ದನಿಯೊಂದು ಬಂತು. "ರೀ…"

ಪಕ್ಕದ ಕೋಣೆಯಲ್ಲಿ ಲೋಟ ಬಿದ್ದ ಸದ್ದಾಯಿತು.

ಓಡಿದ. ಅವಳು ಗೋಡೆಗೊರಗಿ ನೆಲದ ಮೇಲಿದ್ದಳು. ಕಣ್ಣು ತೆರೆದಿದ್ದವು. ಬಾಯಿ ತೆರೆದಿತ್ತು. ಎದೆ ಏಳುತ್ತಿರಲಿಲ್ಲ. ತುಟಿ ನೀಲಿಯಾಗುತ್ತಿತ್ತು. ಎಳೆ ಹಿಡಿದಿದ್ದ ಬೆರಳುಗಳ ಮೇಲೆ ತಾಮ್ರದ ಬಣ್ಣದ ಗೆರೆಯೊಂದು ಮೂಡಿತ್ತು. ತೋಳು ಹಿಡಿದು ಅಲುಗಿಸಿದ. ಬೆನ್ನು ತಟ್ಟಿದ. ಬಾಯಿಗೆ ಬಾಯಿಟ್ಟು ಊದಿದ. ಗಾಳಿ ಒಳಗೆ ಹೋಗಲಿಲ್ಲ. ಹಿಂದಿನ ಕೋಣೆಯಿಂದ ಸ್ಪೀಕರು ಅವಳ ದನಿಯಲ್ಲಿ ಕರೆಯುತ್ತಲೇ ಇತ್ತು.

ಆಗ ಅವನಿಗೆ ಅತ್ತೆಯ ಮಾತು ನೆನಪಾಯಿತು. ಓಡಿ ಬಂದು ಸಿಕ್ಕಿಸಿದ್ದನ್ನು ಕಿತ್ತ. ಪೆಡಲು ಒತ್ತಿದ.

ಯಂತ್ರ ತಿರುಗಿತು. ಪಕ್ಕದ ಕೋಣೆಯಲ್ಲಿ ಅವಳು ನೀರಿನಿಂದ ಮೇಲೆದ್ದವಳಂತೆ ಉಸಿರೆಳೆದಳು.

ನಂಬಲಾಗಲಿಲ್ಲ. ಕಾಲೆತ್ತಿದ. ಉಸಿರು ನಿಂತಿತು. ಒತ್ತಿದ. ಬಂತು. ಇನ್ನೊಮ್ಮೆ ಪರೀಕ್ಷಿಸುವ ಧೈರ್ಯವಾಗಲಿಲ್ಲ.

ಪೆಡಲನ್ನು ಎಷ್ಟು ಮೆಲ್ಲಗೆ ಒತ್ತಬಹುದೋ ಅಷ್ಟು ಮೆಲ್ಲಗೆ ಒತ್ತಿದ. ಏಳು ಸಾವಿರದ ನೂರು. ಏಳು ಸಾವಿರದ ಇನ್ನೂರು. ಬಾಬಿನ್ ಎಂಟು ಸಾವಿರ ಹಿಡಿಯುತ್ತದೆ. ಅಲ್ಲಿಗೆ ಅಂಚು ತುಂಬುತ್ತದೆ. ಆಮೇಲೆ ಎಳೆ ಹೊರಗೆ ಜಾರುತ್ತದೆ, ಕಡಿಯುತ್ತದೆ. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಬಿತ್ತು. ಒರೆಸಿಕೊಳ್ಳಲು ಕೈಯಿರಲಿಲ್ಲ. ದೇವರ ನೆನಪೇ ಇಲ್ಲದವನು ಅಂದು ದೇವರನ್ನು ಕರೆದ.

ಏಳು ಸಾವಿರದ ಆರುನೂರು ಆದಾಗ ಗೇಟು ಸದ್ದಾಯಿತು.

ಅತ್ತೆಗೆ ಯಂತ್ರದ ಗುನುಗು ಬೀದಿಯಲ್ಲೇ ಕೇಳಿಸಿತ್ತು. ಕಾಲಲ್ಲಿ ಗೋರಿಯ ಮಣ್ಣು ಹಾಗೇ ಇತ್ತು. ಮಗಳನ್ನು ನೋಡಿದರು. ಅಳಿಯನನ್ನು ನೋಡಿದರು. ಯಂತ್ರದ ಮೇಲಿದ್ದದ್ದನ್ನು ನೋಡಿದರು.

"ಅವರ ಕೈಲಿ ನಾನು ಮಡಿಸಿದ್ದು ಖಾಲಿದಾ?"

"ಹೌದು ಅತ್ತೆ."

"ಬೆಸುಗೆ ಹಾಕ್ದಾಗ ತುದಿ ಹಿಡಿದಿದ್ದು ಇವಳಾ?"

"ಹೌದು."

ಅವರು ಬೈಯಲಿಲ್ಲ. ಮೇಣದ ಪಾತ್ರೆಯ ಕೆಳಗೆ ಒಲೆ ಹಚ್ಚಿದರು. ಮೇಣ ಕರಗುವ ಸಿಹಿ ವಾಸನೆ ಕೋಣೆ ತುಂಬಿತು. ಮಗಳನ್ನು ಬಾಗಿಲವರೆಗೆ ಎಳೆದು ತಂದು, ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು.

"ಮೇಣದಲ್ಲಿ ಅದ್ದಿದ್ರೆ ಉಸಿರು ವಾಪಸ್ ಬರುತ್ತಲ್ಲಾ ಅತ್ತೆ? ಮಾವನಿಗೆ ಬರ್ತಿತ್ತಲ್ಲಾ?"

"ಅವರದ್ದು ಎರಡು ತುದಿನೂ ಬದುಕಿರೋರ ಕೈಲಿತ್ತು. ಇದರ ಮೊದಲ ತುದಿ ಸತ್ತವರದ್ದು. ಇದು ಒಬ್ಬರನ್ನ ಇಟ್ಕೊಂಡೇ ಮುಚ್ಚೋದು."

"ನನ್ನನ್ನ ಇಟ್ಕೊಳ್ಳಲಿ. ತಪ್ಪು ನಂದು."

"ನೀವು ಉಸಿರು ಕೊಟ್ರೆ ಯಂತ್ರ ಯಾರು ನಡೆಸ್ತಾರೆ? ಉಸಿರು ಕೊಟ್ಟೂ ಸುತ್ತೋ ರೂಢಿ ಅವರಿಗಿತ್ತು, ನಿಮಗಿಲ್ಲ. ನನಗೆ ಸುತ್ತೋಕೆ ಬರಲ್ಲ. ಯಂತ್ರ ನಿಂತರೆ ಅವಳು ನಿಂತಳು." ಮಗಳ ಕೂದಲನ್ನು ಹಣೆಯಿಂದ ಸರಿಸಿದರು. ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಎದ್ದು ಬಂದು ಸ್ಟೂಲೆಳೆದು ಅಳಿಯನ ಪಕ್ಕ ಕೂತರು. "ಆ ತುದಿ ಅವರದ್ದು. ಈ ತುದಿ ನಂದಾಗಲಿ. ಮೂವತ್ತೈದು ವರ್ಷ ಬಾಳಿದೀವಿ, ಹೊಸಬರೇನಲ್ಲ."

ಅವರು ಕೈ ಚಾಚಿ, ಅಳಿಯನ ಬೆರಳಿಗಿಂತ ಒಂದು ಗೇಣು ಹಿಂದೆ, ಓಡುವ ಎಳೆಯನ್ನು ಹಗುರಾಗಿ ಹಿಡಿದರು. ಉಸಿರು ಕಟ್ಟಿದರು.

ಏಳು ಸಾವಿರದ ಒಂಬೈನೂರು.

ಬಾಗಿಲಲ್ಲಿ ಮಗಳು ಕೆಮ್ಮಿದಳು. ಒಂದು ಸಲ. ಎರಡು ಸಲ. ಯಂತ್ರದ ಲಯ ಬಿಟ್ಟು, ತನ್ನಷ್ಟಕ್ಕೆ ತಾನು ಉಸಿರಾಡಿದಳು. "ಅಮ್ಮ," ಎಂದಳು.

ಅತ್ತೆಯ ಎದೆ ಈಗ ಯಂತ್ರದ ಗಾಲಿಯ ಜೊತೆ ಏಳುತ್ತಿತ್ತು, ಇಳಿಯುತ್ತಿತ್ತು. ಅಳಿಯ ಕಾಲು ಹಿಂದೆಗೆಯಹೋದ. ಪೆಡಲು ಸಡಿಲಾಯಿತು.

"ನಿಲ್ಲಿಸ್ಬೇಡ ಮಗಾ," ಎಂದರು ಅವರು. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಅರ್ಧಕ್ಕೆ ಬಿಟ್ರೆ ಮತ್ತೆ ಅವಳನ್ನೇ ಹಿಡಿಯುತ್ತೆ. ಮುಗಿಸು."

ಅವನು ಸುತ್ತಿದ. ಒಂಬೈನೂರ ಎಪ್ಪತ್ತು. ಎಂಬತ್ತು. ಒಂದೊಂದು ಸುತ್ತೂ ತನ್ನ ಕಾಲಿನಿಂದಲೇ. ತೊಂಬತ್ತು. ಕಣ್ಣೀರಿನಲ್ಲಿ ಎಳೆ ಕಾಣಿಸುತ್ತಿರಲಿಲ್ಲ. ಕೈಗೆ ಗೊತ್ತಿತ್ತು. ಎಂಟು ಸಾವಿರ. ಅಂಚು ತುಂಬಿತು. ಯಂತ್ರ ನಿಂತಿತು. ಎಳೆ ಕತ್ತರಿಸಿದ. ಸುರುಳಿಯನ್ನು ಎತ್ತಿದ. ಎರಡು ಹೆಜ್ಜೆ. ಮೇಣಕ್ಕೆ ಬಿಟ್ಟ.

ಗುಳ್ಳೆಗಳು ಎದ್ದವು. ಸುರುಳಿಯೊಳಗಿನ ಗಾಳಿ ಹೊರಬರುವಾಗ ಏಳುವ ಗುಳ್ಳೆಗಳು. ಮೊದಲು ಗುಂಪಾಗಿ. ಆಮೇಲೆ ಸಾಲಾಗಿ. ಆಮೇಲೆ ಒಂದೊಂದಾಗಿ. ಅತ್ತೆ ಗೋಡೆಗೆ ತಲೆಯಾನಿಸಿ ಅವುಗಳನ್ನೇ ನೋಡುತ್ತಿದ್ದರು. ಮೂವತ್ತು ವರ್ಷ, ದಿನವೂ, ಗಂಡನ ಉಸಿರು ಮರಳುವುದನ್ನು ಅವರು ಹೀಗೆಯೇ ಕಾದವರು.

ಒಂದು ಗುಳ್ಳೆ ಬಂತು. ಬಹಳ ಹೊತ್ತಾದ ಮೇಲೆ ಇನ್ನೊಂದು.

ಮತ್ತೆ ಬರಲಿಲ್ಲ.

ಅಳಿಯ ತಿರುಗಿ ನೋಡಿದ. ಅತ್ತೆಯ ಕಣ್ಣು ಮೇಣದ ಮೇಲೆಯೇ ಇತ್ತು. ಮಗಳು ತೆವಳಿಕೊಂಡು ಬಂದು ತಾಯಿಯ ಕಾಲು ಹಿಡಿದಳು. ಪಾದದ ಮಣ್ಣು ಅವಳ ಅಂಗೈಗೆ ಅಂಟಿತು.

ಮರುದಿನ ತಾತನ ಪಕ್ಕದಲ್ಲೇ ಅತ್ತೆಯನ್ನು ಮಣ್ಣು ಮಾಡಿದರು. ಈ ಸಲ ಮಗಳು ಕರವಸ್ತ್ರವನ್ನು ಬಿಚ್ಚಿ ನೋಡಿದಳು. ಬೆರಳಿನಿಂದ ಮುಟ್ಟಿ ನೋಡಿದಳು. ಮೇಣ ಗಟ್ಟಿಯಾಗಿದ್ದ ತುಂಬು ಸುರುಳಿಯೇ ಅದು ಎಂದು ಖಾತ್ರಿಯಾದ ಮೇಲೆ ತಾಯಿಯ ಕೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು. ಗಂಡನಿಗೆ ಮುಟ್ಟಲು ಬಿಡಲಿಲ್ಲ.

ಗಿಟಾರಿನವನಿಗೆ ಅಳಿಯ ಏನೂ ಕೊಡಲಿಲ್ಲ. ಯಂತ್ರದ ಮೋಟಾರು ಬಿಚ್ಚಿಟ್ಟ. ಹಿಂದಿನ ಕೋಣೆಯ ಕಿಟಕಿಗಳನ್ನು ತೆರೆದ. ಈಗ ಅಲ್ಲಿ ಗಾಳಿಯಾಡುತ್ತದೆ. ಆದರೂ ಹೆಂಡತಿ ಮಲಗಿದಾಗ ಅವನು ಎಚ್ಚರವಾಗಿರುತ್ತಾನೆ. ಅವಳ ಎದೆ ಏಳುವುದನ್ನು ನೋಡುತ್ತಾನೆ. ಅವನ ಬಲಗಾಲು ಹಾಸಿಗೆಯ ಅಂಚನ್ನು ಮೆಲ್ಲಗೆ ಒತ್ತುತ್ತ, ಬಿಡುತ್ತ ಇರುತ್ತದೆ. ಅವಳಿಗೆ ಅದು ಗೊತ್ತಿದೆ. ಒಮ್ಮೊಮ್ಮೆ, "ನಿಲ್ಲಿಸಿ, ನಾನು ಬದುಕಿದೀನಿ," ಎನ್ನುತ್ತಾಳೆ. ಅವನು ನಿಲ್ಲಿಸುವುದಿಲ್ಲ.

ಪ್ರತಿಯೊಂದು ಜೀವಕ್ಕೂ ಇಷ್ಟೇ ಉಸಿರೆಂದು ಎಣಿಸಿ ಕೊಟ್ಟ ದೇವರೇ, ತನ್ನ ಪಾಲಿನದನ್ನು ಮಗಳಿಗೆ ಬಿಟ್ಟುಕೊಟ್ಟು ಬಂದ ಆ ತಾಯಿಯನ್ನು ನಿನ್ನ ಬಳಿ ಸೇರಿಸಿಕೊ. ಮೂವತ್ತು ವರ್ಷ ಉಸಿರು ಬಿಗಿಹಿಡಿದು ದುಡಿದ ಆ ಮುದುಕನಿಗೆ ಒಮ್ಮೆ ನಿರಾಳವಾಗಿ ಉಸಿರಾಡಲು ಬಿಡು. ಮನುಷ್ಯ ಸುತ್ತಿದ ಕೆಟ್ಟ ಗಂಟುಗಳನ್ನೆಲ್ಲ ಬಿಡಿಸಬಲ್ಲವನು ನೀನೊಬ್ಬನೇ. ಆ ಎರಡು ತುದಿಗಳು ನಿನ್ನ ಕೈಯಲ್ಲಿ ಶಾಂತವಾಗಿರಲಿ.