ಸೆವ್ನೆಯ ಗುರುತು

"ಕಣ್ಣು ಎಲ್ಲಿಟ್ಟಿದ್ದೆ ಮಾರಾಯಾ?" ವೌಲಿ ಹಿಮಸಾರಂಗದ ಕರುವಿನ ಕಿವಿ ಹಿಡಿದು ತಮ್ಮ ಎದೈಕೊನನ್ನು ಕೇಳಿದ. "ಇದು ನಮ್ಮ ಗುರುತೂ ಅಲ್ಲ, ಪಕ್ಕದ ಡೇರೆಯವರದ್ದೂ ಅಲ್ಲ. ಒಳ್ಳೇ ಬಿಳಿ ಕರು, ಕಿವಿ ಕೆಡಿಸಿಟ್ಟೆಯಲ್ಲೋ."

ಎದೈಕೊ ಚಾಕುವನ್ನು ಪಾಚಿಗೆ ಒರೆಸಿದ. ಹಗ್ಗ ಬೀಸಿದರೆ ಗುರಿ ತಪ್ಪದವನು, ಒಡೆಯರ ಗುರುತಿಗಾಗಿ ಕರುವಿನ ಕಿವಿ ಕೊಯ್ಯುವುದರಲ್ಲಿ ತಪ್ಪಿದನೆಂದರೆ, ಬೇಲಿಯ ಸುತ್ತ ನಿಂತವರಿಗೆ ನಗುವೋ ನಗು.

"ನಾಳೆ ಹೆಲಿಕಾಪ್ಟರ್ ಬರುತ್ತಲ್ಲ, ಇವನ ಕೈ ಇವತ್ತೇ ನಡುಗ್ತಿದೆ," ಎಂದಳು ಮಾಯ್ನೆ, ಸೊಳ್ಳೆ ಓಡಿಸಲು ಹೊಗೆ ಹಾಕುತ್ತ. ಹೆಲಿಕಾಪ್ಟರ್ ಹತ್ತಬೇಕಾದವಳು ಅವಳ ಅಕ್ಕನ ಮಗಳು ಸೆವ್ನೆ. ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಅವಳಿಗಾಗಿ ಕಾದಿತ್ತು.

ಕೆನ್ನೆ ಕೆಂಪಾದದ್ದು ಕಾಣದಿರಲೆಂದು ಸೆವ್ನೆ ಕರುವಿನ ಮೇಲೆ ಬಗ್ಗಿದಳು. ಬೇಸಿಗೆಯ ಸೂರ್ಯ ಮುಳುಗುವುದನ್ನೇ ಮರೆತು ಟುಂಡ್ರಾದ ಅಂಚಿನಲ್ಲಿ ತೂಕಡಿಸುತ್ತಿದ್ದ. ಆ ಜೇನುಬಣ್ಣದ ಬೆಳಕಿನಲ್ಲಿ ಕಿವಿ ಸ್ಪಷ್ಟವಾಗಿ ಕಂಡಿತು. ತುದಿ ಓರೆಯಾಗಿ ಕತ್ತರಿಸಿದೆ, ಕೆಳಗೆ ಜೋಡಿ ಕಚ್ಚು.

ಅವಳು ಆ ಕಚ್ಚುಗಳ ಮೇಲೆ ಬೆರಳಾಡಿಸಿದಳು.

ಅವಳು ಹುಟ್ಟಿದಾಗ ಅಜ್ಜ ಅವಳಿಗೆಂದೇ ಕೊಟ್ಟ ಗುರುತದು. ಚಳಿಗಾಲದಲ್ಲಿ ಮಳೆ ಬಿದ್ದು, ಮೇವಿನ ಪಾಚಿಯೆಲ್ಲ ಮಂಜುಗಡ್ಡೆಯಡಿ ಸೇರಿದ ವರ್ಷ, ಅವಳ ಸಾರಂಗಗಳೆಲ್ಲ ಹಸಿವಿನಿಂದ ಸತ್ತವು. ಆಮೇಲೆ ಅವಳು ಬೋರ್ಡಿಂಗ್ ಶಾಲೆಗೆ ಹೋದಳು, ಅಜ್ಜ ತೀರಿಕೊಂಡ, ಗುರುತನ್ನು ಎಲ್ಲರೂ ಮರೆತರು. ಅವಳೂ ಮರೆತಿದ್ದಳು. ಅಜ್ಜ ಕೊಯ್ಯುವಾಗ ಕರುಗಳ ಕಾಲು ಹಿಡಿಯುತ್ತಿದ್ದ ಪಕ್ಕದ ಡೇರೆಯ ಹುಡುಗ ಎದೈಕೊ ಮಾತ್ರ ಮರೆತಿರಲಿಲ್ಲ.

ಅವನು ಕೈ ತೊಳೆಯಲು ಹಳ್ಳದತ್ತ ನಡೆದಿದ್ದ. ಸೆವ್ನೆ ಹಿಂದೆಯೇ ಹೋದಳು.

"ಎಲ್ಲರೂ ನಗ್ತಿದ್ದಾರೆ. ನಿಜ ಹೇಳೋಕೆ ಬಾಯಿಲ್ವಾ ನಿಂಗೆ?"

"ಹೇಳಿದ್ರೆ ನಿನ್ನ ತಡೆದ ಹಾಗಾಗುತ್ತೆ." ಅವನು ನೀರಿನತ್ತಲೇ ನೋಡುತ್ತಿದ್ದ. "ನೀನು ಹೋಗು. ಆದ್ರೆ ಹಿಂಡಲ್ಲಿ ನಿಂದು ಅಂತ ಒಂದಾದ್ರೂ ಇರ್ಲಿ ಅನ್ನಿಸ್ತು."

"ನಾನು ಈ ಕಡೆ ತಿರುಗಿಯೂ ನೋಡದೆ ಇದ್ರೆ?"

"ನಾನು ನೋಡ್ಕೋತೀನಿ."

"ಕರೂನಾ?"

"ಸದ್ಯಕ್ಕೆ ಕರೂನ." ಅವನ ತುಟಿಯಂಚಿನಲ್ಲಿ ನಗು ಇಣುಕಿತು, ಈಗ ಅವಳತ್ತ ತಿರುಗಿದ ಕಣ್ಣು ಮಾತ್ರ ಅಲ್ಲಾಡಲಿಲ್ಲ. ಸೆವ್ನೆಗೆ ಅಳು ಬಂತು, ಅದನ್ನು ನುಂಗಲು ಸಿಟ್ಟು ನಟಿಸಿದಳು.

ಬಿರಬಿರನೆ ಬೇಲಿಯ ಬಳಿಗೆ ಬಂದಳು. ವೌಲಿ ಇನ್ನೂ ಗೇಲಿ ಮಾಡುತ್ತಲೇ ಇದ್ದ.

"ನಿನ್ನ ತಮ್ಮ ತಪ್ಪು ಮಾಡಿಲ್ಲ ವೌಲಿ," ಎಂದಳು. ಕರುವಿನ ಕಿವಿ ಎತ್ತಿ ತೋರಿಸಿದಳು. "ಅದು ನನ್ನ ಗುರುತು."

ನಗು ತಟ್ಟನೆ ನಿಂತಿತು. ಮಾಯ್ನೆ ಹೊಗೆಯ ಆಚೆಯಿಂದ ನೋಡಿ, ಕಣ್ಣೊರೆಸಿಕೊಂಡು, ಹೊಗೆ ಜಾಸ್ತಿಯಾಯ್ತು ಎಂದು ಗೊಣಗಿದಳು.

ಎದೈಕೊ ಬಂದು ಪಕ್ಕದಲ್ಲಿ ನಿಂತ. ಅವನ ಒದ್ದೆ ಕೈಯಿಂದ ಹನಿ ತೊಟ್ಟಿಕ್ಕುತ್ತಿತ್ತು.

"ಇದು ಜಾರುಗಾಡಿ ಎಳೆಯೋಷ್ಟು ಬೆಳೆಯೋಕೆ ಎಷ್ಟು ಕಾಲ ಬೇಕು?" ಸೆವ್ನೆ ಕೇಳಿದಳು.

"ಮೂರು ಚಳಿಗಾಲ. ಆದ್ರೂ ಒಂದರಿಂದ ಗಾಡಿ ಓಡಲ್ಲ. ಜೊತೆಗೆ ಇನ್ನೂ ಬೇಕು."

"ಹಾಗಾದ್ರೆ ಬೇರೆ ಕರುಗಳನ್ನೂ ಹಿಡಿ."

"ನಾಳೆ ಹೆಲಿಕಾಪ್ಟರ್?"

"ಸೀಮೆಎಣ್ಣೆ, ಹಿಟ್ಟು ಇಳಿಸಿ ಹೋಗುತ್ತೆ." ಅವಳು ಅವನ ಸೊಂಟದ ಚಾಕುವಿಗೆ ಕೈ ಚಾಚಿದಳು. "ನೀನು ಕಾಲು ಹಿಡ್ಕೋ. ಈ ಸಲ ನಾನೇ ಕೊಯ್ತೀನಿ."