ಗಾಳಿ ಕುಡಿಯುವ ಸೆಲ್ಲು

"ಇನ್ನೊಂದ್ಸಲ ಸೆಲ್ಲು ಅಂದ್ರೆ ನೋಡು, ಈ ಮಿಷನ್ನೇ ತಿಪ್ಪಿಗೆ ಒಗೀತೀನಿ!" ದುರ್ಗಿಯ ಅಪ್ಪ ಅರಚಿದ.

"ಒಗಿ, ಒಗಿ! ನಿನ್ನ ಕಿವಿ ಮಿಷನ್ನಾ ಅದು? ಅಪ್ಪಂದು!" ಬೈಲಪ್ಪ ಚಿಕ್ಕಪ್ಪನೂ ಬಿಡಲಿಲ್ಲ.

ಇಬ್ಬರ ನಡುವೆ ಗೋಣೆಪ್ಪಜ್ಜ ಗೋಡೆಗೆ ಒರಗಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಮಕ್ಕಳಿಬ್ಬರೂ ಜಗಳವಾಡುತ್ತಿರುವುದು ತನ್ನ ಬಗ್ಗೆಯೇ ಎಂದು ಅವನಿಗೆ ಗೊತ್ತಿರಲಿಲ್ಲ. ಅವನ ಕಿವಿಯ ಮಿಷನ್ನು ಸತ್ತುಹೋಗಿತ್ತು.

ಸಾಯಿಸಿದವಳು ದುರ್ಗಿ.

ಟೀವಿ ರಿಮೋಟಿನ ಸೆಲ್ಲು ಸೋತಾಗ ಅಮ್ಮ ಅವನ್ನು ಬಿಸಿಲಿಗೆ ಇಡುತ್ತಿದ್ದಳು. ಮತ್ತೆ ಸ್ವಲ್ಪ ದಿನ ಬರುತ್ತಿದ್ದವು. ಅಜ್ಜನ ಸೆಲ್ಲುಗಳು ಹುಣಸೆ ಬೀಜಕ್ಕಿಂತ ಸಣ್ಣವು, ಒಂದೊಂದರ ಬೆನ್ನ ಮೇಲೂ ಒಂದು ಪುಟ್ಟ ಸ್ಟಿಕ್ಕರ್. ಹೊಸವನ್ನೇ ಬಿಸಿಲಲ್ಲಿ ಕಾಯಿಸಿದರೆ ಇನ್ನೂ ಹೆಚ್ಚು ಬಾಳುತ್ತವೆ ಎಂದುಕೊಂಡು ದುರ್ಗಿ ಎಲ್ಲ ಸ್ಟಿಕ್ಕರ್ ಕಿತ್ತು, ಮಾಳಿಗೆಯ ಮೇಲೆ ಶೇಂಗಾದ ಪಕ್ಕ ಸಾಲಾಗಿ ಇಟ್ಟು ಮರೆತಿದ್ದಳು. ನೆನಪಾಗಿ ತರುವಷ್ಟರಲ್ಲಿ ಒಂದರಲ್ಲೂ ಜೀವ ಉಳಿದಿರಲಿಲ್ಲ.

"ಅದಕ್ಕೇ ಹೇಳ್ತಿರೋದು, ಚಾರ್ಜಿಂಗ್ ಕಿವಿ ಮಿಷನ್ ತರಾನ," ಅಪ್ಪ ಹೇಳಿದ. "ಮೊಬೈಲ್ ಇದ್ದಂಗೆ. ರಾತ್ರಿ ಡಬ್ಬ್ಯಾಗೆ ಇಟ್ರೆ ಬೆಳಿಗ್ಗೆ ಫುಲ್ಲು. ಸೆಲ್ಲು ತರೋದು, ಬಿಸಾಕೋದು, ತರೋದು, ಬಿಸಾಕೋದು! ಇದೇ ಆತು."

"ಹೊಲದಾಗೆ ಎಲ್ಲಿ ಚಾರ್ಜ್ ಮಾಡ್ತಾನೆ? ಟಗರಿನ ಕೊಂಬಿಗೆ ಪಿನ್ ಚುಚ್ತಾನಾ?"

ದುರ್ಗಿಗೆ ನಗು ಬಂತು. ಅಪ್ಪನ ಮುಖ ನೋಡಿ ನುಂಗಿಕೊಂಡಳು.

"ಇನ್ಮ್ಯಾಲೆ ಅಪ್ಪ ಕುರಿ ಹಿಂದೆ ಹೋಗಂಗಿಲ್ಲ. ಮನೇಲಿ ಇರ್ತಾನೆ," ಎಂದ ಅಪ್ಪ.

"ಅವನಿಗೆ ಹೇಳಿದೀಯಾ?"

"ಹೇಳಿದ್ರೆ ಕೇಳಬೇಕಲ್ಲ!"

ಸೆಲ್ಲಿನ ಜಗಳ ಸೆಲ್ಲಿನದಲ್ಲ ಎಂದು ದುರ್ಗಿಗೆ ಆಗ ಹೊಳೆಯಿತು. ಜೋಳದ ಕೊಯ್ಲು ಮುಗಿದ ಮೇಲೆ ಅಜ್ಜ ಮತ್ತು ಚಿಕ್ಕಪ್ಪ ಕುರಿಗಳನ್ನು ಊರೂರಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಗೊಬ್ಬರ ಬೀಳಲಿ ಎಂದು ರೈತರು ತಮ್ಮ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಕರೆಂಟು ಎಲ್ಲಿಂದ ಬರಬೇಕು? ಚಾರ್ಜಿಂಗ್ ಮಿಷನ್ ಬಂದರೆ ಅಜ್ಜ ಪ್ಲಗ್ಗಿನ ಹತ್ತಿರವೇ ಇರಬೇಕು.

ಚಿಕ್ಕಪ್ಪ ಜೇಬಿನಿಂದ ಹೊಸ ಸೆಲ್ಲಿನ ಪ್ಯಾಕು ತೆಗೆದು ದುರ್ಗಿಯ ಮುಂದೆ ಎಸೆದ. "ತಗಾ, ಹಾಕು. ಮತ್ತೆ ಹಪ್ಪಳದಂಗೆ ಒಣಗಿಸಬ್ಯಾಡ! ಅದು ಬಿಸಿಲು ತಿನ್ನಲ್ಲ ಕಣೇ, ಗಾಳಿ ಕುಡೀತೈತೆ. ಸ್ಟಿಕ್ಕರ್ ಕಿತ್ತು ಒಂಚೂರು ಹಂಗೇ ಬಿಡಬೇಕಂತೆ. ದಾವಣಗೆರೆ ಅಂಗಡ್ಯಾಗಿನ ಮೇಡಂ ಹೇಳಿದ್ರು."

ಗಾಳಿ ಕುಡಿಯುತ್ತದೆಯೇ?

ದುರ್ಗಿ ಒಂದು ಸ್ಟಿಕ್ಕರ್ ಕಿತ್ತು ಸೆಲ್ಲನ್ನು ಅಂಗೈ ಮೇಲೆ ಇಟ್ಟುಕೊಂಡಳು. ಬೆನ್ನ ಮೇಲೆ ಸೂಜಿ ಚುಚ್ಚಿದಂಥ ತೂತುಗಳು. ಮೂಗುಗಳು! ಅವಳು ತನ್ನ ಉಸಿರು ಬಿಗಿಹಿಡಿದಳು, ಅದರ ಪಾಲಿನ ಗಾಳಿ ಅದಕ್ಕೇ ಸಿಗಲಿ ಎಂದು. ಬಾಗಿಲಿಂದ ಬರುತ್ತಿದ್ದ ಧೂಳಿನ ಗಾಳಿ, ಕುರಿ ವಾಸನೆಯ ಗಾಳಿ, ಅಷ್ಟು ಸಣ್ಣ ಹೊಟ್ಟೆಯೊಳಗೆ ಹೋಗಿ ಕರೆಂಟಾಗುತ್ತಿತ್ತು. ಸದ್ದಿಲ್ಲ, ಮಿಣುಕಿಲ್ಲ. ಅವಳ ತೋಳಿನ ಕೂದಲು ನಿಮಿರಿ ನಿಂತವು.

ಸೆಲ್ಲು ಹಾಕಿ ಮಿಷನ್ನನ್ನು ಅಜ್ಜನ ಕಿವಿಗೆ ಸಿಕ್ಕಿಸಿದಳು. ಅದು ಕುಂಯ್ ಎಂದಿತು. ಅಜ್ಜನ ಕೈ ಎಲೆಯ ಮೇಲೆ ನಿಂತುಬಿಟ್ಟಿತು.

"ಕಾಡಾಗೆ ಬಿದ್ದು ಸತ್ರೆ ಯಾರಲೇ ಜವಾಬ್ದಾರಿ? ಮುದುಕನ್ನ ಒಂದ್ಕಡೆ ಕೂರ್ಸೋದು ಬಿಟ್ಟು..." ಅಪ್ಪ ಕೂಗುತ್ತಲೇ ಇದ್ದ. ಆಮೇಲೆ ಅಜ್ಜನ ಕಣ್ಣು ಕಂಡಿತು. ಬಾಯಿ ಮುಚ್ಚಿದ.

ಹಿತ್ತಲಿನ ರೊಪ್ಪದಿಂದ ಕುರಿಗಳ ಕೂಗು ಕೇಳಿಸಿತು.

ಅಜ್ಜ ತಲೆ ಓರೆ ಮಾಡಿದ. "ಇದು ಹೊಸಾ ದನಿ," ಎಂದ. "ಬೋಳಿ ಕುರಿ ಮರಿ ಹಾಕೈತೇನೋ ಬೈಲಾ?"

"ಹೂಂ, ಮೊನ್ನೆ," ಎಂದ ಚಿಕ್ಕಪ್ಪ.

"ತಾಯಿ ಆ ಕಡೆ ಸಿಕ್ಕಂಡೈತೆ. ಮರಿ ಈ ಕಡೆ ಅಳ್ತೈತೆ."

ದುರ್ಗಿ ಕಿವಿಗೊಟ್ಟಳು. ಅವಳಿಗೆ ಇಷ್ಟು ವರ್ಷ ಎಲ್ಲವೂ ಒಂದೇ 'ಬ್ಯಾ'. ಈಗ ಆ ಗದ್ದಲದೊಳಗೆ ಒಂದು ತೆಳ್ಳನೆ ಕೂಗು ಬೇರೆಯಾಯಿತು. ದೂರದಿಂದ ಒಂದು ದಪ್ಪ ಕೂಗು ಅದಕ್ಕೆ ಓಗೊಟ್ಟಿತು. ಅಜ್ಜ ಮುಟ್ಟಿ ತೋರಿಸಿದ ಹಾಗೆ! ಕೂತಲ್ಲೇ, ಕಿವಿಯಿಂದಲೇ ಅವನು ಇಡೀ ರೊಪ್ಪವನ್ನು ನೋಡುತ್ತಿದ್ದ.

ಅಜ್ಜ ಎದ್ದ. ಗೂಟದ ಮೇಲಿನ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ದುರ್ಗಿಯ ಕೈಯಲ್ಲಿದ್ದ ಸೆಲ್ಲಿನ ಪ್ಯಾಕು ತೆಗೆದು ಅಂಗಿಯ ಜೇಬಿಗೆ ಇಳಿಸಿದ. ರೊಪ್ಪದ ಬಾಗಿಲು ತೆರೆದು, ಮರಿಯನ್ನು ಎತ್ತಿಕೊಂಡು ನಡೆದ. ಕುರಿಗಳು ಅವನ ಹಿಂದೆ ಹರಿದವು.

"ಅಪ್ಪಾ! ನಿಂತ್ಕ! ಎಲ್ಲಿಗ್ ಹೋಗ್ತೀಯಾ?" ಅಪ್ಪ ಅಂಗಳಕ್ಕೆ ಓಡಿದ.

ಅಜ್ಜ ತಿರುಗಲಿಲ್ಲ.

"ಅಪ್ಪೋ!"

ಊಹೂಂ.

"ನೋಡು, ಅಷ್ಟರಾಗೆ ಸೆಲ್ಲು ಸತ್ತೋತು!" ಅಪ್ಪ ಚಿಕ್ಕಪ್ಪನ ಮೇಲೆ ಹರಿಹಾಯ್ದ. "ಡೂಪ್ಲಿಕೇಟ್ ಮಾಲು ತಂದೀಯಾ!"

ದುರ್ಗಿ ಬಾಗಿಲಲ್ಲೇ ನಿಂತಿದ್ದಳು. ದಾರಿಯ ಜಾಲಿ ಗಿಡದಲ್ಲಿ ಯಾವುದೋ ಸಣ್ಣ ಹಕ್ಕಿ ಚಿಲಿಕ್ ಎಂದಿತು. ಅಜ್ಜ ತಟ್ಟನೆ ತಲೆ ಎತ್ತಿ ಆ ಕೊಂಬೆಯನ್ನೇ ನೋಡಿದ, ನಕ್ಕ, ಮತ್ತೆ ನಡೆದ.

ಅಪ್ಪ ಇನ್ನೂ ಕೂಗುತ್ತಿದ್ದ. ದುರ್ಗಿ ತಾನು ಕಂಡದ್ದನ್ನು ಹೇಳಲಿಲ್ಲ. ಕುರಿಗಳ ಧೂಳು ಕೆರೆ ಏರಿಯ ಆಚೆ ಕರಗುವವರೆಗೂ ನೋಡುತ್ತ ನಿಂತಳು.