ಸೀಳದ ಹಾಳೆಯೊಳಗಿನ ಬೆರಳು

“ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೋನ ಕೈಗೆ ಪುಸ್ತಕ ಕೊಟ್ನಲ್ಲ, ನನಗೆ ಬುದ್ಧಿ ಬೇಡ್ವಾ? ಇವತ್ತೇ ಕೆಲಸ ಬಿಟ್ಟು ನಡಿ!” ಎಂದು ಬೈಂಡಿಂಗ್ ಅಂಗಡಿಯ ಯಜಮಾನರು ಲೈಬ್ರರಿ ಮೇಡಂ ಎದುರಿಗೇ ಕೂಗಿದರು. ನನ್ನ ಮೈ ಉರಿದುಹೋಯಿತು.

ಅದು ಮೇಡಂ ಬೈಂಡಿಂಗಿಗೆ ಕೊಟ್ಟಿದ್ದ ಮಾಟಮಂತ್ರದ ಹಳೇ ಕಾದಂಬರಿ. ಮೇಡಂ ತೋರಿಸಿದ ಪುಟದಲ್ಲಿ ಅಂಟಿನ ಬೆರಳಚ್ಚಿತ್ತು, ಅದರ ನಡುವೆ ಓರೆಯಾಗಿ ಒಂದು ಗೀರು. ಹೋದ ವಾರ ಚಾಕು ತಗುಲಿ ನನ್ನ ತೋರುಬೆರಳಿಗಾದ ಗಾಯವೂ ಹಾಗೇ ಇದೆ.

ನಾನು ಹೊಲಿದದ್ದು ಪುಸ್ತಕದ ಬೆನ್ನು ಮಾತ್ರ. ನಿನ್ನೆ ಹೊಲಿಯುವಾಗ, ಆ ಸುಡುವ ಮಧ್ಯಾಹ್ನದಲ್ಲೂ, ಹಾಳೆಗಳ ನಡುವಿನಿಂದ ತಣ್ಣನೆಯ ಗಾಳಿ ಬಂದು ಮೊಣಕೈ ಸವರುತ್ತಿತ್ತು. ಹಿತವಾದ ಜೊಂಪು ಹತ್ತಿತ್ತು, ಅಷ್ಟೇ.

“ಬೈಬೇಡಿ. ಈ ಹಾಳೆಗಳು ಅಚ್ಚಾದಾಗಿನಿಂದ ಅಂಚು ಕತ್ತರಿಸದೆ ಮಡಿಕೆಯಲ್ಲೇ ಕೂಡ್ಕೊಂಡಿದ್ವು, ಒಳಗಿನ ಪುಟಕ್ಕೆ ಯಾರ ಕೈಯೂ ಹೋಗೋ ಹಾಗಿರ್ಲಿಲ್ಲ. ಈಗ ತಾನೇ ನಾನೇ ಸೀಳಿದ್ದು,” ಎಂದರು ಮೇಡಂ ಮೆಲ್ಲಗೆ.

“ಇವನನ್ನ ವಹಿಸ್ಕೋಬೇಡಿ ಮೇಡಂ.” ಯಜಮಾನರು ಚಾಕು ತೆಗೆದುಕೊಂಡು, ಇನ್ನೂ ಕೂಡಿಕೊಂಡಿದ್ದ ಮುಂದಿನ ಮಡಿಕೆಯನ್ನು ತಾವೇ ಸೀಳಿದರು. ಅಲ್ಲೂ ಅದೇ ಬೆರಳಚ್ಚು, ಅದೇ ಗೀರು. ಮುಟ್ಟಿ ನೋಡಿದರು. ಅಂಟು ಇನ್ನೂ ಹಸಿಯಾಗಿತ್ತು.

“ಯಾವಾಗ ಮಾಡ್ದೆಯೋ ಇದನ್ನ?” ಎಂದರು. ಈಗ ಅವರ ದನಿ ಇಳಿದಿತ್ತು.

ಬೆಳಿಗ್ಗೆಯಿಂದ ನಾನು ಅಂಟಿನ ಡಬ್ಬಿ ಮುಟ್ಟಿರಲಿಲ್ಲ. ಆದರೂ ಬೆರಳ ತುದಿ ತಣ್ಣಗೆ ಅಂಟಂಟಾಗಿತ್ತು. ಅದನ್ನು ಮುಷ್ಟಿಯೊಳಗೆ ಮಡಚಿಕೊಂಡು ಅಂಗಡಿಯಿಂದ ಇಳಿದು ನಡೆದೆ.